ದಿಣ್ಣೆಯ ಮೇಲಿನ ಊರು

ಬೆಂಗಳೂರಿನ ಒಂದೊಂದು ಬೀದಿಗೂ ಒಂದೊಂದು ಮೂಲೆಯುಂಟು. ಅದನ್ನು ಯಾರೂ ಆರಿಸಿದವರಲ್ಲ, ಯಾವ ಸಭೆಯೂ ಅದಕ್ಕೆ ಅನುಮೋದನೆಯಿತ್ತುದಿಲ್ಲ. ಆದರೂ ಬೀದಿಯ ಸಮಸ್ತ ನಿವಾಸಿಗಳೂ ಏಕಾಭಿಪ್ರಾಯದಿಂದ ಅದನ್ನು ಒಪ್ಪಿಕೊಂಡಿರುತ್ತಾರೆ. ಜಾತಿ, ಭಾಷೆ, ಪಕ್ಷಗಳ ವಿಷಯದಲ್ಲಿ ಎಂದೂ ಕೂಡಿಬಾರದ ಒಮ್ಮತ ಕಸದ ವಿಷಯದಲ್ಲಿ ಇಷ್ಟು ಸುಲಭವಾಗಿ ಕೂಡಿಬರುವುದನ್ನು ಕಂಡು ನಾನು ಹಲವು ಸಲ ವಿಸ್ಮಯಪಟ್ಟಿದ್ದೇನೆ. ಮೂಲೆಯ ಲಕ್ಷಣಗಳು ಸ್ಥೂಲವಾಗಿ ಇವು: ಅದು ಟ್ರಾನ್ಸ್‌ಫಾರ್ಮರಿನ ಬುಡವಾಗಿರಬೇಕು, ಇಲ್ಲವೆ ಒಡೆಯನು ಪರಸ್ಥಳದಲ್ಲಿರುವ ಖಾಲಿ ಸೈಟಾಗಿರಬೇಕು, ಅದೂ ಇಲ್ಲವಾದರೆ ಯಾರ ಮನೆಯ ಬಾಗಿಲೂ ಎದುರಾಗದ ಉದ್ದನೆಯ ಕಾಂಪೌಂಡಿನ ಮಗ್ಗುಲಾಗಿರಬೇಕು. ಒಟ್ಟಿನಲ್ಲಿ, ಅದು ಯಾರಿಗೂ ಸೇರಿದ್ದಲ್ಲವೆಂಬ ಭ್ರಾಂತಿಗೆ ಎಡೆಯಿರಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಈ ಊರಿನವರು ಶುಚಿತ್ವವನ್ನರಿಯದವರೆಂದು ಯಾರೂ ಭಾವಿಸಲಾಗದು. ಬೆಳಕು ಹರಿಯುವ ಮುನ್ನವೇ ಎದ್ದು, ಬಾಗಿಲಿಗೆ ನೀರು ಹಾಕಿ, ಗುಡಿಸಿ, ರಂಗೋಲಿಯೆಳೆದು, ಹೊಸಿಲಿಗೆ ಅರಿಸಿನ ಕುಂಕುಮಗಳನ್ನಿಟ್ಟು, ಆ ರಂಗೋಲಿಯ ಮೇಲೆ ದಾರಿಹೋಕನೊಬ್ಬ ಮೈಮರೆತು ಕಾಲಿಟ್ಟರೆ ಕಣ್ಣಿನಲ್ಲಿಯೇ ಸುಟ್ಟುಬಿಡುವ ಗೃಹಿಣಿಯ ಮನೆಯಿಂದಲೇ, ಸ್ವಲ್ಪ ಹೊತ್ತಿನ ತರುವಾಯ, ಗಂಟು ಹಾಕಿದ ಕವರೊಂದು ಯಜಮಾನರ ಸ್ಕೂಟರಿನ ಹ್ಯಾಂಡಲಿಗೆ ತೂಗಿಕೊಂಡು ಹೊರಡುತ್ತದೆ. ಮೂಲೆ ಸಮೀಪಿಸಿದಾಗ ವೇಗವನ್ನು ಲೇಶವೂ ತಗ್ಗಿಸದೆ, ದೃಷ್ಟಿಯನ್ನು ಅತ್ತಿತ್ತ ಹೊರಳಿಸದೆ, ಎಡಗೈಯ ಎರಡೇ ಬೆರಳುಗಳಿಂದ ಆ ಕವರನ್ನು ಬಂಧಮುಕ್ತಗೊಳಿಸಿ ಮುಂದೆ ಸಾಗುವ ಹಸ್ತಲಾಘವ ಅಭ್ಯಾಸಬಲವಿಲ್ಲದೆ ಬರತಕ್ಕದ್ದಲ್ಲ. ಬಿದ್ದ ಕವರು ಬಾಯಿಬಿಡುತ್ತದೆ: ಕಾಫಿಯ ಗಸಿ, ಹೀರೇಕಾಯಿಯ ಸಿಪ್ಪೆ, ಹಾಲಿನ ಖಾಲಿ ಪ್ಯಾಕೆಟ್ಟು, ಮೊನ್ನೆಯ ಪೂಜೆಯ ಬಾಡಿದ ಸೇವಂತಿಗೆ, ಮಗುವಿನ ಡಯಾಪರು. ಬೀದಿನಾಯಿಗಳು ಅದನ್ನು ರಸ್ತೆಯ ತುಂಬ ಹರಡುತ್ತವೆ. ತಿರುಗಾಡುವ ಹಸು ಸಿಪ್ಪೆಯ ಆಸೆಗೆ ಪ್ಲಾಸ್ಟಿಕನ್ನೂ ನುಂಗುತ್ತದೆ. ಅಷ್ಟರಲ್ಲಿ ಯಜಮಾನರು ಕಛೇರಿಯನ್ನು ತಲುಪಿ, ಊರು ಕೆಟ್ಟುಹೋಯಿತೆಂಬ ವಿಷಯವಾಗಿ ಮಾತನಾಡುತ್ತಿರುತ್ತಾರೆ.

ಆಯುಧಪೂಜೆಯ ಮಾರನೆಯ ದಿನವಂತೂ ಈ ಧರ್ಮಸೂಕ್ಷ್ಮ ಇನ್ನಷ್ಟು ವಿಶದವಾಗುತ್ತದೆ. ಕುಂಕುಮ ಬಳಿದು, ವಾಹನಕ್ಕೆ ನಿವಾಳಿಸಿ, ನಡುರಸ್ತೆಯಲ್ಲಿ ಅಪ್ಪಳಿಸಿದ ಬೂದುಗುಂಬಳದ ಹೋಳುಗಳೂ ಬಾಡಿದ ಬಾಳೆಕಂದುಗಳೂ ದಾರಿಯುದ್ದಕ್ಕೂ ಬಿದ್ದಿರುತ್ತವೆ. ಪೂಜೆ ಮಾಡಿಸಿದವನ ವಾಹನ ಸುಕ್ಷೇಮವಾಗಿ ಮುಂದೆ ಹೋಗುತ್ತದೆ. ಹಿಂದಿನಿಂದ ಬಂದ ಬಡಪಾಯಿ ಕುಂಬಳದ ತಿರುಳಿನ ಮೇಲೆ ಜಾರಿ ಬೀಳುತ್ತಾನೆ. ನಮ್ಮ ಮೇಲಿದ್ದ ದೃಷ್ಟಿ ನಾಶವಾಗಲಿಲ್ಲ, ಪರರಿಗೆ ವರ್ಗವಾಯಿತು, ಅಷ್ಟೆ. ಕಸದ ವಿಷಯದಲ್ಲಿಯೂ ನಾವು ಮಾಡುತ್ತಿರುವುದು ಇದನ್ನೇ.

ಬಿದ್ದದ್ದು ಬಿದ್ದಲ್ಲಿಯೇ ಇರುವ ಊರಾಗಿದ್ದರೆ ಚಿಂತೆ ಅಷ್ಟಾಗಿ ಇರುತ್ತಿರಲಿಲ್ಲ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದಿಣ್ಣೆಯೊಂದರ ಬೆನ್ನೇರಿ ಕುಳಿತ ನಗರ. ಪಡುವಣ ಇಳಿಜಾರಿಗೆ ಬಿದ್ದ ಮಳೆಹನಿ ವೃಷಭಾವತಿಯನ್ನೂ ಅರ್ಕಾವತಿಯನ್ನೂ ಕೂಡಿ ಕಾವೇರಿಗೆ ಸೇರಿದರೆ, ಮೂಡಣ ಇಳಿಜಾರಿಗೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. 1537ರಲ್ಲಿ ಇಲ್ಲಿ ಕೋಟೆಯನ್ನೆತ್ತಿಸಿದ ಕೆಂಪೇಗೌಡರೂ ಅವರ ತರುವಾಯದವರೂ ಈ ಇಳಿಜಾರುಗಳ ಮರ್ಮವನ್ನರಿತು, ಒಂದು ಕೆರೆಯ ಕೋಡಿಯ ನೀರು ರಾಜಕಾಲುವೆಯಲ್ಲಿಳಿದು ಮುಂದಿನ ಕೆರೆಯನ್ನು ತುಂಬುವಂತೆ ಏರ್ಪಡಿಸಿದರು. ನೀರನ್ನು ಅಷ್ಟು ವಿಶ್ವಾಸದಿಂದ ಒಯ್ಯುವ ದಾರಿ ನಾವೆಸೆದ ಕವರನ್ನು ಒಯ್ಯದೆ ಬಿಟ್ಟೀತೆ? ಗಂಗೆ ಮಲಿನಳಾದಳೆಂದು ಕೊರಗುವ ಕಾಶಿಯವನು ಮೇಲಣ ಕಾನ್ಪುರದತ್ತ ಬೆರಳು ತೋರಿಸಿ ಸಮಾಧಾನ ತಂದುಕೊಳ್ಳಬಹುದು. ನಮಗೆ ಆ ಸೌಭಾಗ್ಯವಿಲ್ಲ. ನಮ್ಮ ಮೇಲೆ ಯಾವ ಊರೂ ಇಲ್ಲ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ವೃಷಭಾವತಿ ಹುಟ್ಟುವಳೆಂಬುದು ಬಹುಕಾಲದ ಪ್ರತೀತಿ. ಕಾರ್ತಿಕದ ಕಡೆಯ ಸೋಮವಾರ ಅಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯಲ್ಲಿ ಜನ ತಲೆತಲಾಂತರದಿಂದ ಕಾಯಿ ಸುಲಿದು ತಿಂದು ಸಿಪ್ಪೆಯನ್ನು ನೆಲಕ್ಕೆ ಚೆಲ್ಲುತ್ತ ಬಂದಿದ್ದಾರೆ. ಅದನ್ನು ಮಣ್ಣು ಮರುಮಾತಿಲ್ಲದೆ ಅರಗಿಸಿಕೊಂಡಿತು. ಚೆಲ್ಲುವ ಕೈ ಅಂದಿನದೇ ಆಗಿ, ಚೆಲ್ಲುವ ಪದಾರ್ಥ ಮಾತ್ರ ಬದಲಾದಾಗ ಅನರ್ಥ ಮೊದಲಾಯಿತು. ಪ್ಲಾಸ್ಟಿಕ್ ಚೀಲವನ್ನು 2016ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು. ಒಮ್ಮೆ ಬಳಸಿ ಬಿಸುಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈಯಿಂದ ಕೇಂದ್ರವೂ ನಿಷೇಧಿಸಿತು. ತಳ್ಳುಗಾಡಿಯವನು ಈಗಲೂ ಕೊತ್ತಂಬರಿ ಸೊಪ್ಪಿನ ಕಟ್ಟಿಗೊಂದು ಕವರನ್ನು ಕೇಳದೆಯೇ ಅನುಗ್ರಹಿಸುತ್ತಾನೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಸನ್ನಿಧಿಯನ್ನು ಹಾಯುವ ವೇಳೆಗೇ ವೃಷಭಾವತಿ ಕಪ್ಪಾಗಿ, ಸೇತುವೆ ದಾಟುವವರು ಮೂಗು ಮುಚ್ಚಿಕೊಳ್ಳುವಂತಾಗಿರುತ್ತಾಳೆ. ಅಲ್ಲಿಂದ ಆಕೆ ಬಿಡದಿಯ ಬಳಿಯ ಭೈರಮಂಗಲದ ಕೆರೆಗೆ ಇಳಿಯುತ್ತಾಳೆ. ನಮ್ಮ ಚರಂಡಿಯ, ಕಾರ್ಖಾನೆಯ, ಬಚ್ಚಲಿನ ನೀರೆಲ್ಲವನ್ನೂ ಒಡಲಲ್ಲಿಟ್ಟುಕೊಂಡ ಆ ಪ್ರವಾಹವೇ ಅಲ್ಲಿಯ ರೈತನ ಗದ್ದೆಗೆ ಗತಿ.

ಮೂಡಣ ಕಣಿವೆಯ ಕಥೆ ಜಗತ್ತಿಗೇ ತಿಳಿದಿದೆ. ನೀರಿಗೆ ಬೆಂಕಿ ಬೀಳುವುದು ಪುರಾಣಗಳಲ್ಲಿ ಬಡಬಾಗ್ನಿಯ ಪ್ರಸಂಗದಲ್ಲಿ ಮಾತ್ರವೆಂದು ನಂಬಿದ್ದ ನಮಗೆ ಬೆಳ್ಳಂದೂರು ಕೆರೆ 2015ರಲ್ಲಿಯೂ 2017ರಲ್ಲಿಯೂ ಹೊಗೆಯುಗುಳಿ ಪ್ರತ್ಯಕ್ಷ ಪ್ರಮಾಣವನ್ನಿತ್ತಿತು. 2018ರ ಜನವರಿಯಲ್ಲಿ ಹೊತ್ತಿಕೊಂಡಾಗ ಸೈನಿಕರು ಬಂದು ಹೋರಾಡಬೇಕಾಯಿತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಕೋಟ್ಯಂತರ ರೂಪಾಯಿ ಬೆಲೆಬಾಳುವ ಬಂಗಲೆಗಳ ಒಡೆಯರೂ ಹೊರವರ್ತುಲ ರಸ್ತೆಯ ಕಂಪನಿಗಳ ನೌಕರರೂ ಟ್ರ್ಯಾಕ್ಟರುಗಳನ್ನೇರಿ ಸಂಚರಿಸಿದರು. ರಾಜಕಾಲುವೆಗಳ ಒತ್ತುವರಿ ಅದಕ್ಕೆ ದೊಡ್ಡ ಕಾರಣವೆಂಬುದು ಸತ್ಯ. ಆದರೆ ಒತ್ತುವರಿ ಉಳಿಸಿದ ಇಕ್ಕಟ್ಟಿನ ಬಾಯಿಗೂ ಹರಿದ ಹಾಸಿಗೆ, ಥರ್ಮೋಕೋಲು, ಕಟ್ಟಡದ ಮಣ್ಣು, ಖಾಲಿ ಬಾಟಲಿಗಳನ್ನು ತುರುಕಿದವರು ಪರಲೋಕದಿಂದ ಬಂದವರಲ್ಲ. ದಿಣ್ಣೆಯ ನೆತ್ತಿಯಲ್ಲಿ ಕೈಜಾರಿದ ಕವರು ತಗ್ಗಿನ ಬಡಾವಣೆಯ ಚರಂಡಿಯ ಜಾಲರಿಯಲ್ಲಿ ಸಿಕ್ಕಿಕೊಂಡು ಯಾರದೋ ಮನೆಯ ಅಡುಗೆಕೋಣೆಗೆ ನೀರನ್ನು ಕಳುಹಿಸುತ್ತದೆ.

ಈ ಊರು ಕೊಳಕಿನ ಫಲವನ್ನು ಹಿಂದೆಯೂ ಉಂಡಿದೆ. 1898ರಲ್ಲಿ ಪ್ಲೇಗು ಬಂದು ಇಕ್ಕಟ್ಟಾದ ಪೇಟೆಯ ಮನೆಗಳನ್ನು ಬರಿದು ಮಾಡಿದಾಗ, ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳಿಗೆ ಜನ ಒಕ್ಕಲು ಬಂದರು. ಗಾಳಿ ಬೆಳಕು ಆಡಲೆಂದು ಅಲ್ಲಿ ಅಗಲವಾದ ರಸ್ತೆಗಳನ್ನು ಬಿಟ್ಟುದಲ್ಲದೆ, ಮನೆಗಳ ಹಿಂಬದಿಯಲ್ಲಿ ಮಲಿನವನ್ನು ಸಾಗಿಸುವುದಕ್ಕೆಂದೇ ಕನ್ಸರ್ವೆನ್ಸಿ ಓಣಿಗಳನ್ನೂ ಬಿಟ್ಟರು. ರೋಗದ ಭಯದಿಂದ ಹುಟ್ಟಿದ ಆ ಓಣಿಗಳಲ್ಲಿ ಹಲವು ಇಂದು ಹಿತ್ತಿಲಿನ ಗೋಡೆಯ ಮೇಲಿಂದ ಹಾರಿಬಂದ ಕಸದಿಂದ ಇಲಿಗಳಿಗೆ ಆಶ್ರಯವಾಗಿವೆ. ಪ್ಲೇಗಿನ ಮಾರಮ್ಮನ ಗುಡಿಗಳಲ್ಲಿ ಪೂಜೆ ಮಾತ್ರ ನಿಂತಿಲ್ಲ.

ಗುಡಿಸಿದ ಕಸವಾದರೂ ಎಲ್ಲಿ ಹೋಗುತ್ತದೆ? ಬಹಳ ವರ್ಷ ಅದು ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳಿಗೆ ಹೋಯಿತು. ಅಲ್ಲಿಯವರು ನೊಣ, ದುರ್ಗಂಧ, ಕೆಟ್ಟ ಬಾವಿಗಳೊಡನೆ ಬಾಳಿ ಬೇಸತ್ತು ಲಾರಿಗಳಿಗೆ ಅಡ್ಡ ನಿಂತರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು, 2014ರ ಕೊನೆಗೆ ಮಂಡೂರಿನದೂ ಮುಚ್ಚಿತು. ಆಗ ಬೀದಿಬೀದಿಗಳಲ್ಲಿ ಕೊಳೆತ ರಾಶಿಗಳನ್ನು ಕಂಡು ನಗರ ಗಾಬರಿಗೊಂಡಿತು. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಉಚ್ಚ ನ್ಯಾಯಾಲಯ ಆದೇಶಿಸಬೇಕಾಯಿತು. ಅಡುಗೆಮನೆಯ ಬುಟ್ಟಿಯವರೆಗೆ ನ್ಯಾಯಪೀಠ ಇಳಿದುಬಂದ ಸಂದರ್ಭಗಳು ಲೋಕದಲ್ಲಿ ವಿರಳ.

ಮೂಲೆಗಳನ್ನು ಗೆಲ್ಲುವ ಉಪಾಯಗಳೇನೋ ಬಗೆಬಗೆಯಾಗಿ ನಡೆದಿವೆ. ‘ಇಲ್ಲಿ ಕಸ ಹಾಕಬಾರದು’ ಎಂಬ ಫಲಕ ಕುತ್ತಿಗೆಯವರೆಗೆ ಕಸದಲ್ಲಿ ಹೂತು ನಿಂತಿರುತ್ತದೆ. ಸರ್ವಧರ್ಮಗಳ ದೇವರ ಚಿತ್ರಗಳುಳ್ಳ ಹೆಂಚುಗಳನ್ನು ಗೋಡೆಗೆ ಹಚ್ಚಿದರೆ ಭಕ್ತರು ಕೈಮುಗಿದು, ನಾಲ್ಕು ಮಾರು ಆಚೆ ಚೀಲವನ್ನಿಳಿಸುತ್ತಾರೆ. ಗುಡಿಸಿ, ರಂಗೋಲಿ ಬಿಡಿಸಿ, ಹೂಕುಂಡವಿಟ್ಟು, ಬೀದಿಯವರೇ ಕಾವಲಿದ್ದ ಕಡೆ ಮಾತ್ರ ಮೂಲೆ ಮೂಲೆಯಾಗಿ ಉಳಿದುದನ್ನು ಕಂಡಿದ್ದೇನೆ; ಮನೆಯ ಮುಂದಿನ ರಂಗೋಲಿಗೆ ಅಲ್ಲಿಯವರೆಗೆ ಹೋಗುವ ಶಕ್ತಿಯುಂಟೆಂದಾಯಿತು. ನಮ್ಮ ಬೀದಿಯ ಪೌರಕಾರ್ಮಿಕಳು ಗಾಡಿಯ ಬಳಿ ನಿಂತು ದಿನವೂ ಯಾರಿಗಾದರೂ ಹೇಳುತ್ತಿರುತ್ತಾಳೆ: “ಒಡೆದಿರೋ ಗಾಜನ್ನ ಪೇಪರಲ್ಲಿ ಸುತ್ತಿ ಬೇರೆ ಕೊಡ್ರಮ್ಮಾ, ಕೈ ಕುಯ್ಯತ್ತೆ.” ಅವಳು ಬೇಡುವುದು ನಾಗರಿಕತೆಯ ಮಹಾಸಿದ್ಧಾಂತವನ್ನಲ್ಲ, ತನ್ನ ಬೆರಳುಗಳ ಕ್ಷೇಮವನ್ನು.

ಮೇಲಿನವರಿಲ್ಲದ ಊರಿಗೆ ಹೊಣೆ ಹೊರಿಸಲು ನೆವವಿಲ್ಲವೆಂದೆ. ಅದು ಒಂದು ಅನುಕೂಲವೂ ಹೌದು. ನದಿಯ ನಡುವೆ ನಿಂತ ಊರು ತನ್ನ ದಡವನ್ನು ಎಷ್ಟು ಗುಡಿಸಿದರೂ ನದಿ ತಿಳಿಯಾಗಲೊಲ್ಲದು. ನೀರಿನ ನೆತ್ತಿಯಲ್ಲಿರುವ ಊರು ಗುಡಿಸಿಕೊಂಡರೆ ಕಣಿವೆಯುದ್ದಕ್ಕೂ ಅದರ ಗುಣ ಇಳಿಯುತ್ತದೆ, ಮತ್ತು ಅದಕ್ಕಾಗಿ ಯಾವ ನೆರೆಯವರ ಒಪ್ಪಿಗೆಗೂ ಕಾಯಬೇಕಾಗಿಲ್ಲ. ಬೇಕಾದುದು ಎರಡು ಬುಟ್ಟಿ, ಮತ್ತು ಬೆಳಗ್ಗೆ ಕಸದ ಗಾಡಿಯ ಹಾಡು ಕೇಳಿಸಿದಾಗ ಎದ್ದು ಹೋಗಿ ಬಾಗಿಲು ತೆರೆಯುವಷ್ಟು ಪುರುಸೊತ್ತು.