ಕೋಗಿಲೆ ಕೂಗುವ ಹೊತ್ತು

ಊರಿನ ಹೆಸರು ಕೋಗಿಲು. ಯಲಹಂಕದ ಮಗ್ಗುಲಲ್ಲೇ ಇದೆ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಓಡುವ ಕಾರುಗಳ ಸದ್ದು ರಾತ್ರಿಯಿಡೀ ನಿಲ್ಲುವುದಿಲ್ಲ. ಆದರೂ ಮಾವು ಹೂ ಬಿಟ್ಟು ಬಿಸಿಲು ಏರತೊಡಗಿತೆಂದರೆ, ಹೆಸರಿಗೆ ತಕ್ಕ ಹಾಗೆ, ಬೆಳಗಿನ ಜಾವ ನಾಲ್ಕಕ್ಕೇ ಗಂಡು ಕೋಗಿಲೆ ಶುರು ಹಚ್ಚಿಕೊಳ್ಳುತ್ತದೆ. ಪರೀಕ್ಷೆಯ ಕಾಲವೂ ಅದೇ. ಹೀಗಾಗಿ ಅಲ್ಲಿನ ಮಕ್ಕಳಿಗೆ ಕೋಗಿಲೆಯ ದನಿ ವಸಂತದ ನೆನಪನ್ನಲ್ಲ, ಕೆಮಿಸ್ಟ್ರಿ ಪುಸ್ತಕದ ನೆನಪನ್ನು ತರುತ್ತದೆ.

ಆ ಊರಿನ ಒಂದು ಮನೆ. ಅಜ್ಜಿ, ಮಗ, ಸೊಸೆ, ಎರಡನೇ ಪಿಯುಸಿ ವಿಜ್ಞಾನ ಓದುತ್ತಿದ್ದ ಮೊಮ್ಮಗಳು. ಮಗ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವನು, ಹೆಚ್ಚಾಗಿ ರಾತ್ರಿ ಪಾಳಿ. ಮೊಮ್ಮಗಳನ್ನು ಎಬ್ಬಿಸುವ ಕೆಲಸ ಅಜ್ಜಿಯದು. ನಾಲ್ಕು ಹೊಡೆಯುವ ಮೊದಲೇ ಅಜ್ಜಿಗೆ ಎಚ್ಚರವಾಗುತ್ತಿತ್ತು. 'ಏಳು ಮಗ, ಕೋಗಿಲೆ ಕೂಗ್ತು. ಈ ಹೊತ್ನಾಗೆ ಓದಿದ್ದು ತಲೇಲಿ ನಿಲ್ತೈತೆ' ಎಂದು ಹೊದಿಕೆ ಎಳೆಯುವಳು. ಹುಡುಗಿ ಕಣ್ಣುಜ್ಜಿಕೊಂಡು ಕೂರುವಳು. ಪುಸ್ತಕದ ಪುಟ ಅರ್ಧ ಗಂಟೆಯಾದರೂ ಮಗುಚುತ್ತಿರಲಿಲ್ಲ.

ಪರೀಕ್ಷೆಗೆ ಮೂರು ವಾರ ಇದ್ದಾಗ ಒಂದು ಬೆಳಗಿನ ಜಾವ ಅಜ್ಜಿ ಕರೆಯುವ ಮೊದಲೇ ಅವಳಿಗೆ ಎಚ್ಚರವಾಯಿತು. ಗೋಡೆಯ ಕ್ಯಾಲೆಂಡರು, ಬೀರು, ಅರ್ಧ ತೆರೆದ ಬಾಗಿಲು ಎಲ್ಲವೂ ಕಾಣುತ್ತಿವೆ. ಆದರೆ ಕೈ ಎತ್ತಲು ಆಗುತ್ತಿಲ್ಲ. ಎದೆಯ ಮೇಲೆ ಯಾರೋ ಕುಳಿತ ಹಾಗೆ ಭಾರ. ಬಾಗಿಲ ಬಳಿ ಕಪ್ಪಗೆ ಒಂದು ಆಕಾರ. 'ಅಮ್ಮಾ' ಎಂದು ಕೂಗಬೇಕೆಂದರೆ ದನಿಯೇ ಇಲ್ಲ. ಒಂದೆರಡು ನಿಮಿಷ ಇದ್ದಿರಬಹುದು, ಅವಳಿಗೆ ಒಂದು ಯುಗ. ನಂತರ ಫಕ್ಕನೆ ಎಲ್ಲ ಬಿಟ್ಟುಹೋಯಿತು. ಅದೇ ವಾರದಲ್ಲಿ ಮೂರನೆಯ ಸಲ ಹೀಗಾದಾಗ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟಳು.

ಅಜ್ಜಿಗೆ ಅನುಮಾನವೇ ಇರಲಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕಿದ ಕಾಲವನ್ನು ಕಂಡವಳು, ತನ್ನ ಬಾಗಿಲಿಗೂ ಬರೆಸಿದ್ದವಳು. ಮಂತ್ರಿಸಿದ ಕರಿದಾರ ತರಿಸಿ ಮೊಮ್ಮಗಳ ಕೈಗೆ ಕಟ್ಟಿದಳು. ಹುಡುಗಿಗೆ ಮಲಗುವುದೆಂದರೇ ಹೆದರಿಕೆ ಹುಟ್ಟಿ, ಇನ್ನಷ್ಟು ತಡವಾಗಿ ಮಲಗತೊಡಗಿದಳು. ಕಾಯಿಲೆಗೆ ಅನ್ನ ಹಾಕಿ ಸಾಕಿದಂತಾಯಿತು.

ಕೊನೆಗೆ ತಂದೆಯೇ ಒಂದು ಸಂಜೆ ಯಲಹಂಕದ ವೈದ್ಯೆಯೊಬ್ಬರ ಬಳಿ ಕರೆದೊಯ್ದ. ಅವರು ನಾಡಿ ನೋಡಿ, ರಕ್ತದೊತ್ತಡ ನೋಡಿ, ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ. 'ರಾತ್ರಿ ಎಷ್ಟೊತ್ತಿಗೆ ಮಲಗ್ತೀಯಮ್ಮಾ?' 'ಹನ್ನೊಂದೂವರೆ, ಹನ್ನೆರಡು.' 'ಏಳೋದು?' 'ನಾಲ್ಕಕ್ಕೆ.' ವೈದ್ಯೆ ಔಷಧಿ ಚೀಟಿಯ ಮೇಲೆ ನಾಲ್ಕೂವರೆ ಎಂದು ಬರೆದು ಅದರ ಸುತ್ತ ಒಂದು ಸೊನ್ನೆ ಎಳೆದು ತಂದೆಯ ಕಡೆ ತಳ್ಳಿದರು.

ಹುಡುಗಿಗೆ ಆದದ್ದಕ್ಕೆ ನಿದ್ರಾ ಸ್ತಂಭನ ಎನ್ನಬಹುದು. ಅದನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ನಿದ್ರೆಯೆಂದರೆ ದೀಪ ಆರಿಸಿದ ಹಾಗೆ, ಮಿದುಳು ಸುಮ್ಮನೆ ಬಿದ್ದಿರುತ್ತದೆ ಎಂದೇ ಬಹುಕಾಲ ನಂಬಿಕೆಯಿತ್ತು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಆಸರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ಮಲಗಿದವರ ಕಣ್ಣಾಲಿಗಳು ರೆಪ್ಪೆಯ ಒಳಗೆ ಆಗಾಗ ಚುರುಕಾಗಿ ಓಡಾಡುವುದನ್ನು ದಾಖಲಿಸಿದರು. ಆಸರಿನ್‌ಸ್ಕಿ ಆಗ ಬಡ ವಿದ್ಯಾರ್ಥಿ. ಪ್ರಯೋಗಕ್ಕೆ ತನ್ನ ಪುಟ್ಟ ಮಗನ ತಲೆಗೇ ತಂತಿ ಅಂಟಿಸಿ ಮಲಗಿಸಿದ್ದ. ಆ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೆ ಬಹುಮಂದಿ ಕನಸು ಕಾಣುತ್ತಿದ್ದೆವೆಂದು ಹೇಳಿದರು. ರೆಮ್ ನಿದ್ರೆ ಎಂದು ಅದಕ್ಕೆ ಹೆಸರಾಯಿತು. ಕನಸಿನ ನಿದ್ರೆ ಎಂದುಕೊಂಡರೆ ನಮಗೆ ಸಾಕು.

ಕನಸಿನಲ್ಲಿ ನಾವು ಓಡುತ್ತೇವೆ, ಹಾರುತ್ತೇವೆ, ಜಗಳವಾಡುತ್ತೇವೆ. ಮೈ ಮಾತ್ರ ಹಾಸಿಗೆಯಲ್ಲೇ ಇರುತ್ತದೆ. ಏಕೆಂದರೆ ಆ ಹೊತ್ತಿಗೆ ಮಿದುಳಿನ ಕಾಂಡದಿಂದ ಹೊರಡುವ ಸಂದೇಶ ಕೈಕಾಲುಗಳ ಸ್ನಾಯುಗಳನ್ನು ಸಡಿಲಗೊಳಿಸಿಬಿಡುತ್ತದೆ. ಕಣ್ಣು ಮತ್ತು ಉಸಿರಾಟದ ವಪೆಗೆ ಮಾತ್ರ ವಿನಾಯಿತಿ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಮಿಷೆಲ್ ಜುವೆ ಬೆಕ್ಕುಗಳಲ್ಲಿ ಇದನ್ನು 1959ರಲ್ಲಿ ಗುರುತಿಸಿದರು. ಕಾಂಡದ ಆ ಪುಟ್ಟ ಭಾಗಕ್ಕೆ ಪೆಟ್ಟಾದ ಬೆಕ್ಕುಗಳು ನಿದ್ರೆಯಲ್ಲೇ ಎದ್ದು, ಇಲ್ಲದ ಇಲಿಯ ಮೇಲೆ ನೆಗೆಯುವಂತೆ ಆಡುತ್ತಿದ್ದವು! ನಿದ್ರಾ ಸ್ತಂಭನದಲ್ಲಿ ಆಗುವುದು ಇಷ್ಟೆ: ಎಚ್ಚರ ಮೊದಲು ಬರುತ್ತದೆ, ಸ್ನಾಯುಗಳ ಬೀಗ ತೆರೆಯುವುದು ತುಸು ತಡವಾಗುತ್ತದೆ. ಅರ್ಧ ಕನಸು ಕಣ್ಣೆದುರಿನ ಕೋಣೆಯೊಳಗೆ ಬೆರೆತು ನಿಲ್ಲುತ್ತದೆ. ಬಾಗಿಲ ಬಳಿಯ ಕರಿಯ ಆಕಾರ ಅದೇ. ಎದೆಯ ಸ್ನಾಯುಗಳು ಸಡಿಲವಾಗಿರುವುದರಿಂದ ಆಳವಾಗಿ ಉಸಿರೆಳೆಯಲು ಆಗದು, ಅದೇ ಭಾರವೆನಿಸುತ್ತದೆ. ಜಪಾನಿನಲ್ಲಿ ಇದಕ್ಕೆ ಕನಾಶಿಬಾರಿ ಎಂಬ ಹೆಸರಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಎದೆಯ ಮೇಲೆ ಕೂರುವುದು ಒಬ್ಬಳು ಮುದಿ ಮಾಟಗಾತಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಲೆಕ್ಕದಂತೆ, ಬದುಕಿನಲ್ಲಿ ಒಮ್ಮೆಯಾದರೂ ಇದನ್ನು ಕಂಡವರು ಸಾಮಾನ್ಯ ಜನರಲ್ಲಿ 100ಕ್ಕೆ ಸುಮಾರು 8 ಮಂದಿ, ವಿದ್ಯಾರ್ಥಿಗಳಲ್ಲಿ 28. ದೆವ್ವಕ್ಕೆ ವಿದ್ಯಾರ್ಥಿಗಳ ಮೇಲೆ ವಿಶೇಷ ಮಮತೆ ಏಕೆ ಎಂದು ಕೇಳಿದರೆ, ನಿದ್ರೆಗೆಡುವುದು ಅದನ್ನು ಕರೆತರುವ ಮುಖ್ಯ ಕಾರಣಗಳಲ್ಲಿ ಒಂದು ಎಂಬುದೇ ಉತ್ತರ.

ಇನ್ನು ನಾಲ್ಕೂವರೆ ಗಂಟೆಯ ಮಾತು. ರಾತ್ರಿಯ ನಿದ್ರೆ ಒಂದೇ ಹದದಲ್ಲಿ ಸಾಗುವುದಿಲ್ಲ. ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಬರುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ರೆ ಹೆಚ್ಚು, ಬೆಳಗಾಗುತ್ತ ಕನಸಿನ ನಿದ್ರೆಯ ಪಾಲು ಹೆಚ್ಚು. ಹನ್ನೊಂದೂವರೆಗೆ ಮಲಗಿದವಳನ್ನು ನಾಲ್ಕಕ್ಕೆ ಎಬ್ಬಿಸಿದರೆ ಹೋಗುವುದು ಬರಿಯ ಮೂರು ಗಂಟೆಯಲ್ಲ, ಕನಸಿನ ನಿದ್ರೆಯ ಬಹುಪಾಲು. ಓದಿದ್ದು ನಿಲ್ಲುವುದಕ್ಕೂ ನಿದ್ರೆ ಬೇಕು. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಎಂಬ ವಿಜ್ಞಾನಿಗಳು, ಹಗಲು ಇಲಿ ಓಡಾಡಿದಾಗ ಅದರ ಮಿದುಳಿನ ಯಾವ ಕೋಶಗಳು ಜೊತೆಯಾಗಿ ಮಿಡಿದಿದ್ದವೋ ಅವೇ ಕೋಶಗಳು ಅದು ಮಲಗಿದಾಗ ಮತ್ತೆ ಜೊತೆಯಾಗಿ ಮಿಡಿಯುವುದನ್ನು ತೋರಿಸಿದರು. ಇಲಿ ನಿದ್ರೆಯಲ್ಲಿ ಪಾಠ ಒಪ್ಪಿಸುತ್ತಿತ್ತು ಎನ್ನೋಣ. ನಿದ್ರೆ ಕದ್ದು ಓದಿದ ಮಗು ಒಂದು ಕೈಯಲ್ಲಿ ತುಂಬಿ ಇನ್ನೊಂದು ಕೈಯಲ್ಲಿ ಚೆಲ್ಲುತ್ತದೆ.

'ಹಾಗಾದರೆ ಎಂಟಕ್ಕೇ ಮಲಗಲಿ' ಎಂದು ತಾಯಂದಿರು ಹೇಳಬಹುದು. ತೊಡಕಿರುವುದು ಅಲ್ಲೇ. ನಿದ್ರೆಯ ಹೊತ್ತನ್ನು ಸೂಚಿಸುವ ಮೆಲಟೋನಿನ್ ಎಂಬ ರಸ ಹದಿಹರೆಯದಲ್ಲಿ ರಾತ್ರಿ ತಡವಾಗಿ ಒಸರತೊಡಗುತ್ತದೆ. ಅಮೆರಿಕದ ಮೇರಿ ಕಾರ್ಸ್‌ಕಡಾನ್ ದಶಕಗಳ ಕಾಲ ಹದಿಹರೆಯದವರ ನಿದ್ರೆ ಅಳೆದು ತೋರಿಸಿದ ಸಂಗತಿಯಿದು. ಮೊಬೈಲಿನ ಬೆಳಕು ಅದನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ. ಬೆಳಿಗ್ಗೆ ಏಳಲಾರದ ಮಗನನ್ನು ಕುಂಭಕರ್ಣ ಎಂದು ಬಯ್ಯುವ ಮುನ್ನ ಅವನ ಮೈಯೊಳಗಿನ ಗಡಿಯಾರವನ್ನೂ ಒಮ್ಮೆ ನೆನೆಯಬೇಕು.

ಆ ಗಡಿಯಾರದ ಬಗ್ಗೆ ತಿಳಿಯಲು ಕೋಗಿಲಿನವರು ದೂರ ಹೋಗಬೇಕಿಲ್ಲ. ಕೆಲವೇ ಕಿಲೋಮೀಟರು ಆಚೆ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಗುಹೆಯ ಬಾವಲಿಗಳ ದಿನಚರಿಯನ್ನೂ, ಗಡಿಯಾರವಿಲ್ಲದ ಕೋಣೆಯಲ್ಲಿರಿಸಿದ ಮನುಷ್ಯರ ದಿನಚರಿಯನ್ನೂ ಅಭ್ಯಸಿಸಿದ್ದ ಪ್ರೊ. ಎಂ. ಕೆ. ಚಂದ್ರಶೇಖರನ್ ಆಮೇಲೆ ಬಂದು ಸೇರಿದ್ದು ಅಲ್ಲಿಗೆ. ಅಲ್ಲಿ ವಿಜಯ್ ಕುಮಾರ್ ಶರ್ಮ ಮತ್ತು ಸಂಗಡಿಗರು ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣಗಳನ್ನು ಸಾಕಿದರು. ಬೆಳಿಗ್ಗೆ ಗೂಡಿನಿಂದ ಹೊರಬಂದ ನೊಣಗಳಿಂದ ಒಂದು ವಂಶ, ಸಂಜೆ ಹೊರಬಂದವುಗಳಿಂದ ಇನ್ನೊಂದು ವಂಶ. 55 ತಲೆಮಾರು ಕಳೆದ ಮೇಲೆ ನೋಡಿದರೆ ಮುಂಜಾನೆಯ ವಂಶದ ಗಡಿಯಾರ ವೇಗವಾಗಿ ಓಡುತ್ತಿತ್ತು, ಸಂಜೆಯ ವಂಶದ್ದು ನಿಧಾನವಾಗಿ. 2007ರಲ್ಲಿ ಇದು ಪ್ರಕಟವಾಯಿತು. ಬೇಗ ಏಳುವುದು, ತಡವಾಗಿ ಏಳುವುದು ಬರಿಯ ಶಿಸ್ತಿನ ಮಾತಲ್ಲ, ಅದರಲ್ಲಿ ಹುಟ್ಟಿನ ಪಾಲೂ ಇದೆ ಎಂಬುದಕ್ಕೆ ನೆರೆಯೂರಿನ ನೊಣಗಳೇ ಸಾಕ್ಷಿ. ನೊಣಗಳಲ್ಲಿ ಈ ಗಡಿಯಾರದ ವಂಶವಾಹಿಯನ್ನು ಬಿಡಿಸಿ ತೋರಿಸಿದ ಅಮೆರಿಕದ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು.

ವಯಸ್ಸೂ ಗಡಿಯಾರವನ್ನು ತಿರುಗಿಸುತ್ತದೆ. ಮುಪ್ಪಿನಲ್ಲಿ ಅದು ಮುಂದೆ ಸರಿಯುತ್ತದೆ, ಗಾಢ ನಿದ್ರೆ ತೆಳುವಾಗುತ್ತದೆ. ಅಜ್ಜಿಗೆ ನಾಲ್ಕಕ್ಕೆ ಎಚ್ಚರವಾಗುವುದು ಸಹಜವೇ. ತನಗೆ ಸಹಜವಾದದ್ದನ್ನು ಹದಿನೇಳರ ಹುಡುಗಿಗೆ ನಿಯಮ ಮಾಡಿದ್ದಳು, ಅಷ್ಟೆ.

ಮನೆಯಲ್ಲಿ ಈ ಮಾತು ಎತ್ತಿದವನು ಮಗ. ಅವನಿಗೆ ನಿದ್ರೆಯ ಬೆಲೆ ಬೇರೆಯೇ ರೀತಿಯಲ್ಲಿ ಗೊತ್ತಿತ್ತು. ಒಂದು ನಸುಕಿನಲ್ಲಿ ಗಾಡಿ ಓಡಿಸುವಾಗ ಕಣ್ಣು ಮುಚ್ಚಿ, ತೆರೆದಾಗ ಕಾರು ರಸ್ತೆಯ ನಡುವಿನ ತಡೆಗೋಡೆಗೆ ಗೇಣು ದೂರದಲ್ಲಿತ್ತು. 80 ಕಿಲೋಮೀಟರು ವೇಗದಲ್ಲಿ ಎರಡು ಸೆಕೆಂಡು ಕಣ್ಣು ಮುಚ್ಚಿದರೆ ಕಾರು 44 ಮೀಟರು ಹೋಗಿರುತ್ತದೆ. ಮನೆಯಲ್ಲಿ ಅದನ್ನು ಹೇಳಿರಲಿಲ್ಲ, ಅಂದು ಹೇಳಿದ. ಅಜ್ಜಿ ಸುಮ್ಮನಾದಳು. ಆದರೂ ಸೋಲಲಿಲ್ಲ.

'ನಾನು ಎಪ್ಪತ್ತು ವರ್ಷ ನಾಲ್ಕಕ್ಕೇ ಎದ್ದಿವ್ನಿ. ನಂಗೇನಾಗೈತೆ?'

'ಸರಿ ಅವ್ವ, ನೀನು ಇವಳ ವಯಸ್ಸಲ್ಲಿ ಮಲಗ್ತಿದ್ದದ್ದು ಎಷ್ಟೊತ್ತಿಗೆ?'

'ಸೀಮೆಎಣ್ಣೆ ಎಲ್ಲಿತ್ತಪ್ಪ ದೀಪ ಉರಿಸಾಕೆ? ಏಳೂವರೆಗೆಲ್ಲ ಮುದ್ದೆ ಉಂಡು, ಎಂಟಕ್ಕೆ ಗೊರಕೆ.'

ಎಂಟರಿಂದ ನಾಲ್ಕು, ಎಂಟು ಗಂಟೆ. ದ್ರಾಕ್ಷಿ ತೋಟಕ್ಕೆ ನೀರು ಕಟ್ಟಲು ನಸುಕಿಗೇ ಹೊರಡುತ್ತಿದ್ದವರ ನಿಯಮಕ್ಕೆ ಎರಡು ಭಾಗವಿತ್ತು. ಕರೆಂಟು, ಟಿವಿ, ಟ್ಯೂಷನ್, ಮೊಬೈಲು ಬಂದು ಮೊದಲ ಭಾಗವನ್ನು ಅಳಿಸಿದವು. ಉಳಿದ ಅರ್ಧವನ್ನು ಮನೆಮಂದಿ ಪೂರ್ತಿ ನಿಯಮವೆಂದು ಹಿಡಿದುಕೊಂಡಿದ್ದರು. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿತು. ಅಜ್ಜಿಯ ಕಾಲದ ಗುಡಿಸಲಲ್ಲಿ ಅದು ಹೇಳದೆಯೇ ಸಿಗುತ್ತಿತ್ತು.

ವೈದ್ಯೆ ಒಂದು ಮಾತು ಸೇರಿಸಿದ್ದರು. ಸಾಕಷ್ಟು ಮಲಗಿದ ಮೇಲೂ ಹಗಲು ಪಾಠದ ನಡುವೆ, ಊಟದ ನಡುವೆ ತಡೆಯಲಾರದ ನಿದ್ರೆ ಬಂದರೆ, ನಕ್ಕಾಗ ಮಂಡಿ ಕುಸಿದರೆ, ಗೊರಕೆಯ ನಡುವೆ ಉಸಿರು ನಿಂತು ನಿಂತು ಬಂದರೆ ತಡಮಾಡಬಾರದು. ಅವು ಬೇರೆಯೇ ಕಾಯಿಲೆಗಳು, ಚಿಕಿತ್ಸೆಯೂ ಇದೆ. ರಾತ್ರಿಯಿಡೀ ನಿದ್ರೆಯನ್ನು ದಾಖಲಿಸಿ ನೋಡುವ ವ್ಯವಸ್ಥೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಈ ಹುಡುಗಿಗೆ ಅದೇನೂ ಬೇಕಾಗಲಿಲ್ಲ.

ಹತ್ತಕ್ಕೆ ದೀಪ ಆರಿಸುವುದು, ಆರಕ್ಕೆ ಏಳುವುದು, ಮೊಬೈಲು ರಾತ್ರಿ ಅಡುಗೆಮನೆಯ ಕಪಾಟಿನಲ್ಲಿ ಎಂದು ಒಪ್ಪಂದವಾಯಿತು. ಮೊದಲ ನಾಲ್ಕು ದಿನ ಹನ್ನೊಂದರವರೆಗೆ ಹೊರಳಾಡಿದಳು. ಆಮೇಲೆ ನಿದ್ರೆ ಬರತೊಡಗಿತು. ಕರಿದಾರವನ್ನು ಬಿಚ್ಚಲಿಲ್ಲ, ಅಜ್ಜಿಗೆ ಬೇಜಾರಾದೀತು ಎಂದು.

ಪರೀಕ್ಷೆಯ ನಡುವೆ ಒಂದು ಬೆಳಿಗ್ಗೆ ಅದು ಮತ್ತೆ ಬಂತು. ಅದೇ ಭಾರ, ಬಾಗಿಲ ಬಳಿ ಅದೇ ಆಕಾರ. ಈ ಸಲ ಅವಳು ಕೂಗಲು ಹೋಗದೆ, ವೈದ್ಯೆ ಹೇಳಿದಂತೆ ಕಾಲಿನ ಹೆಬ್ಬೆರಳೊಂದನ್ನೇ ಅಲುಗಿಸಲು ನೋಡಿದಳು. ಸ್ವಲ್ಪ ಹೊತ್ತಿಗೆ ಅಲುಗಿತು.

ಮುಖ ನೋಡಿಯೇ ಅಜ್ಜಿಗೆ ತಿಳಿಯಿತು. 'ಬಂದಿತ್ತಾ?'

'ಬಂದಿತ್ತು ಅಜ್ಜಿ. ರಾತ್ರಿ ಒಂದು ಗಂಟೆವರೆಗೂ ಓದ್ತಾ ಕೂತಿದ್ದೆ.'

ಅಜ್ಜಿ ಏನೂ ಅನ್ನಲಿಲ್ಲ. ಆ ರಾತ್ರಿ ಒಂಬತ್ತೂ ಮುಕ್ಕಾಲಿಗೇ ಬಂದು ಸ್ವಿಚ್ಚಿನ ಪಕ್ಕ ನಿಂತುಕೊಂಡಳು.