ಬ್ಯಾಗ್ ಮೇಲಿನ ದೊಡ್ಡ ನಂಬರ್ ನಂಬಬೇಡಿ

(1/3)

ಡಿಸೆಂಬರ್ ರಜೆಗೆ ಹಿಮಾಲಯ ಅಂತ ಕ್ಲಾಸ್ ಗ್ರೂಪಲ್ಲಿ ಪ್ಲಾನ್ ಶುರುವಾಗಿದೆಯಲ್ಲ, ಅದಕ್ಕೇ ಇದನ್ನ ಈಗ ಬರೀತಿದ್ದೀನಿ.

ಮೊದಲ ಫೋಟೋದಲ್ಲಿ ಸ್ಲೀಪಿಂಗ್ ಬ್ಯಾಗ್ ಒಳಗಿಂದ ಮುಖ ಮಾತ್ರ ತೋರಿಸ್ಕೊಂಡು ನಗ್ತಿರೋಳು ನನ್ನ ರೂಮ್‌ಮೇಟ್. ಕಳೆದ ವರ್ಷ ಇದನ್ನ ಹಾಕಿದಾಗ ಎಲ್ಲರೂ ‘ರೇಷ್ಮೆ ಹುಳ’ ಅಂತ ಕಾಮೆಂಟ್ ಮಾಡಿದ್ರಿ. ಫೋಟೋ ತೆಗೆದ ಐದಾರು ಗಂಟೆ ಆದ್ಮೇಲೆ ಏನಾಯ್ತು ಅಂತ ನಾನು ಹೇಳಿರಲಿಲ್ಲ.

ಜಾಗ ಕೇದಾರ್‌ಕಾಂಠ. ಉತ್ತರಾಖಂಡದ ಸಾಂಕ್ರಿಯಿಂದ ಹತ್ತೋದು, ತುದಿ ಸುಮಾರು 12,500 ಅಡಿ. ನಾವು ನಾಲ್ಕು ಜನ ಹುಡುಗೀರು, ಬ್ಯಾಗ್ ಆರಿಸೋ ಜವಾಬ್ದಾರಿ ನಂದು. ಬಾಡಿಗೆ ದುಡ್ಡು ಉಳಿಸೋಣ ಅಂತ ಆನ್‌ಲೈನಲ್ಲಿ ಅಗ್ಗದ್ದು ಹುಡುಕಿದೆ. ಮೇಲೆ ದಪ್ಪ ಅಕ್ಷರದಲ್ಲಿ −10 ಅಂತಿತ್ತು. ‘ಅಲ್ಲಿ ಮೈನಸ್ ಐದೋ ಆರೋ ಇರುತ್ತೆ, ಇದು ಧಾರಾಳ ಸಾಕು’ ಅಂದೆ. ಎಲ್ಲರೂ ನಂಬಿದ್ರು.

ಜೂಡಾ ಕಾ ತಾಲಾಬ್ ಕ್ಯಾಂಪಲ್ಲಿ ರಾತ್ರಿ ಎರಡು ಗಂಟೆಗೆ ಪಕ್ಕದಲ್ಲಿ ಹಲ್ಲು ಕಟಕಟ ಅನ್ನೋ ಸದ್ದಿಗೆ ಎಚ್ಚರ ಆಯ್ತು. ‘ಏನಾಯ್ತೇ’ ಅಂದ್ರೆ ಅವಳ ಮಾತು ತೊದಲ್ತಿತ್ತು. ಓಡಿಹೋಗಿ ಗೈಡ್‌ನ ಎಬ್ಬಿಸಿದೆ. ಅವಳು ಹಗಲಿನ ಬೆವರಿನ ಸಾಕ್ಸ್‌ನಲ್ಲೇ ಮಲಗಿದ್ಲು. ಒಣ ಬಟ್ಟೆ ಹಾಕಿಸಿದ್ವಿ, ಒಂದು ಬ್ಯಾಗ್ ಒಳಗೆ ಇನ್ನೊಂದು ತೂರಿಸಿ ಮಲಗಿಸಿದ್ವಿ, ಬಿಸಿನೀರಿನ ಬಾಟಲಿಗೆ ಸಾಕ್ಸ್ ಸುತ್ತಿ ಎದೆಗೆ ಅಪ್ಪಿಸಿದ್ವಿ. ನಡುಕ ನಿಲ್ಲೋಕೆ ಒಂದು ಗಂಟೆ ಬೇಕಾಯ್ತು. ಆ ಒಂದು ಗಂಟೆ ನಾನು ಅವಳ ಕೈ ಬಿಟ್ಟಿಲ್ಲ.

(2/3)

ಬೆಳಿಗ್ಗೆ ಗೈಡ್ ಬ್ಯಾಗ್ ಒಳಗಿದ್ದ ಚಿಕ್ಕ ಪಟ್ಟಿ ತೋರಿಸಿದ್ರು. ಕಂಫರ್ಟ್ 7. ಲಿಮಿಟ್ 3. ಎಕ್ಸ್‌ಟ್ರೀಮ್ −10.

ಅರ್ಥ ಏನಂದ್ರೆ:

ಕಂಫರ್ಟ್: ಸಾಮಾನ್ಯವಾಗಿ ಒಬ್ಬ ಹೆಂಗಸು ಆರಾಮಾಗಿ ನಿದ್ದೆ ಮಾಡಬಹುದಾದ ಚಳಿ.
ಲಿಮಿಟ್: ಒಬ್ಬ ಗಂಡಸು ಮುದುಡಿಕೊಂಡು ಹೆಂಗೋ ರಾತ್ರಿ ಕಳೆಯೋ ಚಳಿ.
ಎಕ್ಸ್‌ಟ್ರೀಮ್: ಆರು ಗಂಟೆ ಜೀವ ಹಿಡ್ಕೊಂಡಿರಬಹುದು, ಅಷ್ಟೇ. ನಿದ್ದೆಯ ಲೆಕ್ಕ ಅಲ್ಲ.

ನಾನು ನೋಡಿದ್ದು ಮೂರನೇದು. ನೀವು ನೋಡಬೇಕಾದ್ದು ಮೊದಲನೇದು. ಪಟ್ಟಿ ಮೇಲೆ ಐಎಸ್‌ಓ 23537 ಅಂತ ಇದ್ರೆ ಈ ಮೂರೂ ನಂಬರ್ ಆ ಮಾನದಂಡದ ಪ್ರಕಾರ ಪರೀಕ್ಷೆ ಮಾಡಿ ಕೊಟ್ಟಿದ್ದು. ಬರೀ ಒಂದೇ ನಂಬರ್ ಇದ್ರೆ ಅನುಮಾನ ಪಡಿ.

ಇನ್ನು ಯಾವ ಟ್ರಿಪ್ಪಿಗೆ ಯಾವುದು?

ಗೋಕರ್ಣ, ಬೇಸಿಗೆಯ ಹಂಪಿ: ಸ್ಲೀಪಿಂಗ್ ಬ್ಯಾಗೇ ಬೇಡ. ಒಂದು ಹತ್ತಿ ಬೆಡ್‌ಶೀಟ್ ಸಾಕು.

ಚಿಕ್ಕಮಗಳೂರು, ಸಕಲೇಶಪುರದ ಕಡೆ ಟೆಂಟ್: ಇಲ್ಲಿ ಚಳಿಗಿಂತ ದೊಡ್ಡ ಶತ್ರು ತೇವ. ಬೆಳಗಾಗೋ ಹೊತ್ತಿಗೆ ಟೆಂಟ್ ಒಳಗೂ ನೀರಿನ ಹನಿ. ಸಿಂಥೆಟಿಕ್ ತಗೊಳ್ಳಿ, ಕಂಫರ್ಟ್ ಸುಮಾರು 10 ಇದ್ರೆ ಆಯ್ತು. ಒದ್ದೆಯಾದ್ರೂ ತಕ್ಕಮಟ್ಟಿಗೆ ಬೆಚ್ಚಗಿರುತ್ತೆ, ಬೇಗ ಒಣಗುತ್ತೆ.

ಚಳಿಗಾಲದ ಹಿಮಾಲಯ: ಅಲ್ಲಿ ಎಷ್ಟು ಚಳಿ ಇರಬಹುದು ಅಂತ ಕೇಳ್ಕೊಂಡು, ಅದಕ್ಕಿಂತ ಐದು ಡಿಗ್ರಿ ಕಮ್ಮಿ ಕಂಫರ್ಟ್ ಇರೋದನ್ನ ಆರಿಸಿ. ತಲೆಗೂ ಮುಸುಕು ಬರೋ ಮಮ್ಮಿ ಆಕಾರದ್ದೇ ಬೇಕು. ಡೌನ್, ಅಂದ್ರೆ ಬಾತುಕೋಳಿ ಪುಕ್ಕ ತುಂಬಿದ್ದು, ಹಗುರ, ಚಿಕ್ಕದಾಗಿ ಮಡಚಬಹುದು. ಆದ್ರೆ ದುಬಾರಿ, ನೆಂದ್ರೆ ಮುದ್ದೆ. ವರ್ಷಕ್ಕೊಂದು ಸಲ ಹೋಗೋರು ಒಳ್ಳೇದನ್ನ ಬಾಡಿಗೆಗೆ ತಗೊಳ್ಳಿ. ‘ಕಂಫರ್ಟ್ ಎಷ್ಟು?’ ಅಂತ ಕೇಳೋಕೆ ನಾಚ್ಕೋಬೇಡಿ.

(3/3)

ಎಂಥಾ ಬ್ಯಾಗೇ ಇರಲಿ, ಕೆಳಗೆ ಮ್ಯಾಟ್ ಬೇಕೇ ಬೇಕು. ಮೈಭಾರಕ್ಕೆ ಬೆನ್ನಡಿಯ ತುಂಬು ಚಪ್ಪಟೆಯಾಗುತ್ತೆ, ಅಲ್ಲಿಂದ ನೆಲ ಬಿಸಿಯನ್ನೆಲ್ಲ ಎಳ್ಕೊಳ್ಳುತ್ತೆ. ಮಲಗೋಕೆ ಅಂತಲೇ ಒಂದು ಜೊತೆ ಒಣ ಸಾಕ್ಸ್ ಎತ್ತಿಡಿ.

ಕೊನೇದು. ಹಾಸ್ಟೆಲಲ್ಲಿ ಫ್ಯಾನ್ ಒಂದರಲ್ಲಿಟ್ರೂ ರಗ್ಗು ಹೊದ್ಕೊಳ್ಳೋಳು ಅವಳು. ಎರಡು ವರ್ಷದಿಂದ ಅದೇ ರೂಮಲ್ಲಿರೋ ನಂಗೆ ಅದು ಗೊತ್ತಿತ್ತು. ಆದ್ರೂ ನಾಲ್ಕಕ್ಕೂ ಒಂದೇ ಬ್ಯಾಗ್ ಆರ್ಡರ್ ಮಾಡಿದೆ, ನನ್ನ ಚಳಿಯ ಲೆಕ್ಕದಲ್ಲಿ.

ಅವಳು ತುದಿಗೆ ಬರಲಿಲ್ಲ, ಸಾಂಕ್ರಿಗೆ ಇಳಿದ್ಲು. ‘ನೀವು ಹೋಗ್ಬನ್ನಿ, ಫೋಟೋ ತೋರ್ಸಿದ್ರೆ ಸಾಕು’ ಅಂದ್ಲು. ಕೊನೇ ಫೋಟೋದಲ್ಲಿ ತುದೀಲಿ ಮೂರೇ ಜನ ಯಾಕಿದ್ದೀವಿ ಅಂತ ಈಗ ಗೊತ್ತಾಯ್ತಲ್ಲ.

ನಿಮ್ಮ ಗ್ರೂಪಲ್ಲಿ ಬ್ಯಾಗ್ ಆರಿಸೋರು ನೀವಾದ್ರೆ, ಬೆಲೆ ನೋಡೋಕೆ ಮುಂಚೆ ಒಂದು ಪ್ರಶ್ನೆ ಕೇಳಿ: ನಮ್ಮಲ್ಲಿ ಜಾಸ್ತಿ ಚಳಿ ಆಗೋದು ಯಾರಿಗೆ? ಅವರ ಲೆಕ್ಕದಲ್ಲಿ ತಗೊಳ್ಳಿ.

ಸೇವ್ ಮಾಡಿಟ್ಕೊಳ್ಳಿ. ಆ ಚಳಿ ಪಾರ್ಟಿ ಯಾರು ಅಂತ ಕೆಳಗೆ ಟ್ಯಾಗ್ ಮಾಡಿ. ನಂದು ಗೊತ್ತೇ ಇದೆ. ಈ ಸಲ ಅವಳ ಬ್ಯಾಗ್ ಅವಳೇ ಆರಿಸ್ತಾಳಂತೆ.