ಒಂದು ದಾರ, ಗೊಮ್ಮಟನ ನೆತ್ತಿ

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತುವಾಗ ಮಗಳ ಚೀಲದಲ್ಲಿ ನೀರಿನ ಬಾಟಲಿಯ ಜೊತೆ ಅವಳೇ ಮಾಡಿದ ಒಂದು ಯಂತ್ರವಿತ್ತು. ಜಾಮಿಟ್ರಿ ಬಾಕ್ಸಿನ ಕೋನಮಾಪಕ, ಅದರ ನೇರ ಅಂಚಿಗೆ ಅಂಟಿಸಿದ ಸ್ಟ್ರಾ, ನಡುಬಿಂದುವಿನಿಂದ ಇಳಿಬಿಟ್ಟ ಹೊಲಿಗೆ ದಾರ, ದಾರದ ತುದಿಗೆ ಸೈಕಲ್ಲಿನ ನಟ್ಟು. ಅಷ್ಟೇ.

ಹಿಂದಿನ ವಾರ ಹಿತ್ತಲಿನ ತೆಂಗಿನ ಮರದ ಮೇಲೆ ಅದರ ಪರೀಕ್ಷೆ ನಡೆದಿತ್ತು. ಸ್ಟ್ರಾದಲ್ಲಿ ಮರದ ಸುಳಿ ಕಾಣುವಂತೆ ಹಿಡಿದು, ದಾರ 45ರ ಗೆರೆಗೆ ಬರುವ ತನಕ ಹಿಂದೆ ಹಿಂದೆ ಸರಿಯಬೇಕು. ಅಲ್ಲಿಂದ ಬುಡಕ್ಕೆ ಎಷ್ಟು ದೂರವೋ ಅದಕ್ಕೆ ನೋಡುವವರ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ. ಕಾಯಿ ಕೀಳಲು ಬಂದಾತನ ಕೈಗೆ ಟೇಪು ಕೊಟ್ಟು ಮೇಲಿಂದ ಇಳಿಬಿಡಿಸಿದೆವು. ಒಂದೂವರೆ ಅಡಿ ಮಾತ್ರ ವ್ಯತ್ಯಾಸ! ಅವತ್ತೇ ಅವಳು ಹೇಳಿದ್ದು, "ಅಪ್ಪ, ಗೊಮ್ಮಟನನ್ನ ಅಳೆಯೋಣ."

ಬಂಡೆ ಕಾಯುವ ಮೊದಲೇ ಬರಿಗಾಲಲ್ಲಿ ಹೊರಟೆವು. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಒದೆಗಲ್ ಬಸದಿ, ಒಂದೇ ಬಂಡೆಯಲ್ಲಿ ಕಡೆದ ಅಖಂಡ ಬಾಗಿಲು. ಒಳಗಿನ ಅಂಗಳಕ್ಕೆ ಕಾಲಿಟ್ಟಾಗ ಅಳತೆಯ ವಿಷಯವೇ ಮರೆತುಹೋಯಿತು. ಸಾವಿರ ವರ್ಷದಿಂದ ಉತ್ತರಕ್ಕೆ ಮುಖಮಾಡಿ, ಬಿಸಿಲು ಮಳೆ ಒಂದೇ ಎಂಬಂತೆ ನಿಂತಿರುವ ಆ ಕಲ್ಲಿನ ಎದುರು ಕತ್ತು ತಾನಾಗಿ ಹಿಂದಕ್ಕೆ ಬಾಗುತ್ತದೆ. ಎಷ್ಟು ಸಲ ಬಂದರೂ ನನಗೆ ಹೀಗೆಯೇ.

ಈ ಎತ್ತರದ ಕಥೆ ದೊಡ್ಡದು. 1800ರ ಹೊತ್ತಿಗೆ ಮೈಸೂರು ಸೀಮೆ ಸುತ್ತಿದ ಬುಕಾನನ್ ಕೊಟ್ಟ ಲೆಕ್ಕ 70 ಅಡಿ 3 ಅಂಗುಲ. ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಲೆಕ್ಕ 60 ಅಡಿ 3 ಅಂಗುಲ. ಆಮೇಲೆ ಮೈಸೂರಿನ ಕಮಿಷನರ್ ಬೌರಿಂಗ್ ಅಳೆಸಿದಾಗ ಅದು 57ಕ್ಕೆ ಇಳಿಯಿತು. 1871ರಲ್ಲಿ ಅಟ್ಟಣಿಗೆ ಕಟ್ಟಿ ಅಂಗಾಂಗಗಳನ್ನು ಅಳೆದರು: ಪಾದದಿಂದ ಕಿವಿಯ ಕೆಳತುದಿಗೆ 50 ಅಡಿ, ಅಲ್ಲಿಂದ ನೆತ್ತಿಗೆ ಸುಮಾರು ಆರೂವರೆ ಅಡಿ, ಪಾದದ ಉದ್ದವೇ 9 ಅಡಿ. ಮೇಲೆ ಹತ್ತಿ ನಿಂತವರೂ ನೆತ್ತಿಯ ಬಳಿ "ಸುಮಾರು" ಎಂದೇ ಬರೆದರು. ಇಂದಿನ ಪುಸ್ತಕಗಳಲ್ಲಿ 57 ಅಥವಾ 58.

ಸ್ಟ್ರಾಗೆ ಕಣ್ಣಿಟ್ಟೆ. ಅಷ್ಟು ದೊಡ್ಡ ಮೂರ್ತಿ ಮಾಯವಾಯಿತು. ಗುಂಡಗಿನ ಪುಟ್ಟ ಆಕಾಶ, ಅದರ ಅಂಚಿನಲ್ಲಿ ಕಲ್ಲಿನ ಎರಡು ಗುಂಗುರು ಕೂದಲು. ಕೆಳಗೆ ನಿಂತು ಯಾವ ಕೈಯೂ ಮುಟ್ಟಲಾರದ ಆ ಗುಂಗುರಿನವರೆಗೆ ನನ್ನ ಕಣ್ಣಿನಿಂದ ಒಂದು ನೇರ ಗೆರೆ ಹೋಗಿ ತಾಗಿತ್ತು. ಉಸಿರು ಬಿಗಿಹಿಡಿದೆ.

"ಅಲ್ಲಾಡ್ಬೇಡಪ್ಪ," ಅಂದಳು ಮಗಳು. ನಟ್ಟು ತೂಗಿ ತೂಗಿ ನಿಂತಿತು. ದಾರವನ್ನು ಹೆಬ್ಬೆರಳಿನಿಂದ ಒತ್ತಿ ಓದಿದಳು: 34. ಮಟ್ಟಸವಾಗಿ ಹಿಡಿದರೆ ದಾರ 90ರ ಮೇಲಿರುತ್ತದೆ. ಆದ್ದರಿಂದ ನೋಟ ಮೇಲೆದ್ದ ಕೋನ 56 ಡಿಗ್ರಿ. ಗೊಮ್ಮಟನ ಹೆಬ್ಬೆರಳ ತನಕದ ದೂರವನ್ನು ನನ್ನ ಪಾದದಿಂದಲೇ ಅಳೆದೆವು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ. ಹತ್ತು ಅಂಗುಲದ 36 ಪಾದ, ಅಂದರೆ 30 ಅಡಿ. ಅಳತೆಗೆ ಕಾಲಿನ ಹೆಸರನ್ನೇ ಇಟ್ಟ ಕನ್ನಡ ಆ ಬಂಡೆಯ ಮೇಲೆ ನನಗೆ ಬಹಳ ಹತ್ತಿರವೆನಿಸಿತು.

ಟ್ಯಾನ್ 56 ಅಂದರೆ 1.483. ಮೂವತ್ತರಿಂದ ಗುಣಿಸಿ, ನನ್ನ ಕಣ್ಣಿನ ಎತ್ತರ ಐದಡಿ ಕೂಡಿಸಿದಳು. 49.5. ಅವಳ ಮುಖ ಬಾಡಿತು. ಎಂಟು ಅಡಿ ಎಲ್ಲಿ ಹೋಯಿತು?

ಮೂರ್ತಿಯ ಪಕ್ಕಕ್ಕೆ ಹೋಗಿ ಸುಮ್ಮನೆ ನಿಂತು ನೋಡಿದಳು. ನಂತರ ಓಡಿ ಬಂದಳು. "ಅಪ್ಪ, ತಲೆ ಇರೋದು ಹೆಬ್ಬೆರಳ ಮೇಲಲ್ಲ, ಕಾಲಿನ ಗಂಟಿನ ಮೇಲೆ!" ನೆತ್ತಿಯಿಂದ ತೂಗುಗುಂಡು ಇಳಿಬಿಟ್ಟರೆ ಅದು ಹೆಬ್ಬೆರಳಿಗಿಂತ ಎಷ್ಟೋ ಹಿಂದೆ ನೆಲ ಮುಟ್ಟುತ್ತದೆ. ದೂರ ಎಣಿಸಬೇಕಾದದ್ದು ಅಲ್ಲಿಯವರೆಗೆ. ಒಂಬತ್ತು ಅಡಿಯ ಪಾದದಲ್ಲಿ ಆರು ಅಡಿ ನಾವು ಬಿಟ್ಟುಬಿಟ್ಟಿದ್ದೆವು. 30ರ ಬದಲು 36 ಹಾಕಿದಳು: 58.4.

ಇಬ್ಬರೂ ಮಾತಿಲ್ಲದೆ ಮೇಲೆ ನೋಡಿದೆವು. ಇನ್ನೊಮ್ಮೆ ಅಳೆದಾಗ ದಾರ 35ಕ್ಕೆ ನಿಂತಿತು, ಎತ್ತರ 56.4. ಒಂದೇ ಒಂದು ಡಿಗ್ರಿ, ಎರಡು ಅಡಿ. ಹತ್ತಿರ ನಿಂತು ಕಡಿದಾಗಿ ನೋಡುವಾಗ ಕೂದಲೆಳೆಯಷ್ಟು ತಪ್ಪೂ ಮೇಲೆ ಹೋಗುತ್ತ ಹಿಗ್ಗುತ್ತದೆ. ಎರಡು ಶತಮಾನದ ಹಿಂದೆ ಈ ಎತ್ತರಕ್ಕೆ ಸಂಖ್ಯೆ ಕೊಡಹೊರಟವರ ಪಾಡು ಆಗ ನನಗೆ ಅರ್ಥವಾಯಿತು.

ಈ ಮೂರ್ತಿ ನಿಲ್ಲುವುದಕ್ಕೂ ನೂರು ವರ್ಷಕ್ಕೂ ಹಿಂದೆ, ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದ ಕೊನೆಯ ಅಧ್ಯಾಯವನ್ನು ನೆರಳಿನ ಲೆಕ್ಕಕ್ಕೇ ಮೀಸಲಿಟ್ಟಿದ್ದ. ಮುಟ್ಟಲಾಗದ್ದನ್ನು ನೆಲದಲ್ಲೇ ನಿಂತು ತಿಳಿಯುವ ಅದೇ ಹಂಬಲ, ಅಂದು ನೆರಳಿನಲ್ಲಿ, ಇಂದು ನಮ್ಮ ದಾರದಲ್ಲಿ. ಅದನ್ನು ಹೇಳಿದಾಗ ಅವಳು ಅಂಗಳದಲ್ಲಿ ಬಿದ್ದಿದ್ದ ಗೊಮ್ಮಟನ ನೆರಳನ್ನು ಬಹಳ ಹೊತ್ತು ನೋಡಿದಳು.

ಬಂಡೆ ಬಿಸಿಯಾಗತೊಡಗಿತ್ತು. ಇಳಿಯುವ ಮೊದಲು ನೋಟ್‌ಬುಕ್ಕಿನಲ್ಲಿ "57 ಅಡಿ" ಎಂದು ಬರೆದಳು. ನಾಲ್ಕು ಮೆಟ್ಟಿಲು ಇಳಿದು ನಿಂತು, ಪುಸ್ತಕ ಮತ್ತೆ ತೆರೆದು, ಅದರ ಮುಂದೆ ಚಿಕ್ಕ ಅಕ್ಷರದಲ್ಲಿ ಸೇರಿಸಿದಳು: ಸುಮಾರು.